ಅರ್ಧ ಗಂಟೆಯ ಲೆಕ್ಕ, ಬೇಯದ ಆಲೂಗಡ್ಡೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಕಳೆದ ತಿಂಗಳು ಖೀಮಾ ಮತ್ತು ಆಲೂಗಡ್ಡೆಯನ್ನು ಪದರಪದರವಾಗಿ ಜೋಡಿಸಿ ಓವನ್ನಿನಲ್ಲಿ ಬೇಯಿಸುವ ಕ್ಯಾಸರೋಲ್ ಎಂಬ ಅಡುಗೆಯ ವಿಧಾನವೊಂದು ಪ್ರಕಟವಾಗಿತ್ತು. ಕೆಲಸದ ದಿನಗಳ ರಾತ್ರಿಯೂಟಕ್ಕೆ ಹೇಳಿ ಮಾಡಿಸಿದ ಅಡುಗೆ, ಅರ್ಧ ಗಂಟೆ ಸಾಕು ಎಂದು ಅದರಲ್ಲಿ ಬರೆದಿತ್ತು. ಆ ಮಾತನ್ನು ನಂಬಿ ಒಂದು ಮಂಗಳವಾರ ಸಂಜೆ ಏಳು ಗಂಟೆಗೆ ಒಲೆ ಹಚ್ಚಿ, ಒಂಬತ್ತೂಕಾಲರವರೆಗೆ ಮನೆಮಂದಿಯನ್ನೆಲ್ಲ ಹಸಿದ ಹೊಟ್ಟೆಯಲ್ಲಿ ಕೂರಿಸಿ, ಕೊನೆಗೆ ಮಧ್ಯಾಹ್ನ ಉಳಿದಿದ್ದ ಅನ್ನಕ್ಕೆ ಮೊಸರು, ಉಪ್ಪಿನಕಾಯಿ ಬಡಿಸಿದವನು ನಾನು. ಹಾಗೆಂದು ಇದು ಆ ಅಡುಗೆಯನ್ನು ಹಳಿಯುವ ಪತ್ರವಲ್ಲ. ಆ ಬಳಿಕ ಅದನ್ನು ಐದಾರು ಸಲ ಮಾಡಿದ್ದೇನೆ. ಈಗ ಮಕ್ಕಳೇ ಕೇಳಿ ಮಾಡಿಸಿಕೊಳ್ಳುವಷ್ಟು ಅದು ನಮ್ಮ ಮನೆಗೆ ಒಗ್ಗಿದೆ. ನನ್ನ ತಕರಾರು ಇರುವುದು ಅದರಲ್ಲಿ ಬರೆದ ಸಮಯದ ಬಗ್ಗೆ ಮತ್ತು ಬರೆಯದೆ ಬಿಟ್ಟ ಎರಡು ಮೂರು ಸಂಗತಿಗಳ ಬಗ್ಗೆ.

ನಾವು ನಾಪೋಕ್ಲು ಕಡೆಯ ಸಣ್ಣ ಕಾಫಿ ಬೆಳೆಗಾರರು. ನನ್ನ ಹೆಂಡತಿ ಮಡಿಕೇರಿಯಲ್ಲಿ ಉದ್ಯೋಗದಲ್ಲಿದ್ದು, ಬಸ್ಸು ಇಳಿದು ಮನೆ ಸೇರುವಾಗ ಏಳೂವರೆಯಾಗುತ್ತದೆ. ಆದ್ದರಿಂದ ವಾರದ ದಿನಗಳ ರಾತ್ರಿಯಡುಗೆ ಹತ್ತು ವರ್ಷಗಳಿಂದ ನನ್ನ ಪಾಲಿನದು. (ಅಡುಗೆ ಪುಟದ ಪ್ರತಿ ಬರಹವೂ ಗೃಹಿಣಿಯರನ್ನು ಮಾತ್ರ ಸಂಬೋಧಿಸಿ ಶುರುವಾಗುವುದನ್ನು ಓದಿದಾಗಲೆಲ್ಲ ಯಾರದೋ ಕಾಗದವನ್ನು ಕದ್ದು ಓದಿದಂತಾಗುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.) ಕೊಡಗಿನ ಅಡುಗೆ ಎಂದ ಕೂಡಲೇ ಪತ್ರಿಕೆಗಳಿಗೆ ನೆನಪಾಗುವುದು ಹಂದಿ ಮಾಂಸದ ಪಂದಿಕರಿ ಮತ್ತು ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು, ಅದೂ ಕೈಲ್‌ಪೊಳ್ದು ಹಬ್ಬ ಬಂದಾಗ. ಹಬ್ಬದ ಅಡುಗೆಗೆ ಹತ್ತು ಕೈಗಳಿರುತ್ತವೆ, ಹೊತ್ತೂ ಇರುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಆರರ ತನಕ ಕಣದಲ್ಲಿ ಹಣ್ಣು ಅಳೆದು, ಹರಡಿದ್ದನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಿ ಬಂದವನಿಗೆ ಬೇಕಾಗುವುದು ಒಂದೇ ಪಾತ್ರೆಯಲ್ಲಿ ಮುಗಿಯುವ, ಒಲೆಯ ಮುಂದೆ ನಿಲ್ಲಿಸಿಕೊಳ್ಳದ, ಮಕ್ಕಳೂ ವಯಸ್ಸಾದ ಅತ್ತೆಯೂ ಒಟ್ಟಿಗೆ ತಿನ್ನಬಹುದಾದ ಅಡುಗೆ. ತಮ್ಮ ಪುರವಣಿಯ ಆ ಬರಹ ಈ ಕಾರಣಕ್ಕೇ ನನ್ನ ಕಣ್ಣಿಗೆ ಬಿದ್ದದ್ದು.

ಅಂದು ನಡೆದದ್ದು ಹೀಗೆ. ಬರಹದಲ್ಲಿ ಹೇಳಿದಂತೆ ಖೀಮಾವನ್ನು ಈರುಳ್ಳಿಯೊಡನೆ ಹುರಿದುಕೊಂಡೆ. ಒಂದು ಕಿಲೋ ಹಸಿ ಆಲೂಗಡ್ಡೆಯನ್ನು ಬಿಲ್ಲೆಗಳಾಗಿ ಹೆಚ್ಚಿ ಟ್ರೇಯಲ್ಲಿ ಹರಡಿ, ಅದರ ಮೇಲೆ ಖೀಮಾ, ಮತ್ತೆ ಆಲೂಗಡ್ಡೆ, ಅದರ ಮೇಲೆ ಹಾಲಿನ ಗೊಜ್ಜು ಸುರಿದು, ತುರಿದ ಚೀಸ್ ಉದುರಿಸಿ ಓವನ್ನಿಗೆ ಇಟ್ಟೆ. ಇಷ್ಟರ ನಡುವೆ ನನ್ನದೇ ಒಂದು ಅಧಿಕಪ್ರಸಂಗವೂ ಆಯಿತು. ಹಂದಿ ಖೀಮಾ ಆದ್ದರಿಂದ, ಕೊಡಗಿನವನ ಕೈ ತಡೆಯಲಾಗದೆ, ಎರಡು ಚಮಚ ಕಾಚಂಪುಳಿಯನ್ನು (ನಮ್ಮ ಕಡೆಯ ಕಪ್ಪು ಹುಳಿ) ಖೀಮಾಕ್ಕೆ ಧಾರಾಳವಾಗಿಯೇ ಬೆರೆಸಿದ್ದೆ. ಇಪ್ಪತ್ತು ನಿಮಿಷದ ನಂತರ ಮೇಲಿನ ಚೀಸ್ ಹೊಂಬಣ್ಣಕ್ಕೆ ತಿರುಗಿ ಮನೆಯೆಲ್ಲ ಘಮಘಮಿಸಿತು. ಚಮಚ ಹಾಕಿದರೆ ಆಲೂಗಡ್ಡೆ ಕಟಕಟ ಎಂದಿತು. ಇನ್ನೊಂದು ಇಪ್ಪತ್ತು ನಿಮಿಷ ಬಿಟ್ಟೆ. ಚೀಸ್ ಕಪ್ಪಾಯಿತು, ಆಲೂಗಡ್ಡೆ ಹಾಗೆಯೇ ಇತ್ತು. ಅಲ್ಯೂಮಿನಿಯಂ ಹಾಳೆ ಮುಚ್ಚಿ ಇಟ್ಟೆ. ಒಂಬತ್ತಾದರೂ ನಡುವಿನ ಪದರ ಹಲ್ಲಿಗೆ ಸಿಕ್ಕುವಂತಿತ್ತು. ಕಿರಿಯ ಮಗ ತಟ್ಟೆಯ ಮುಂದೆಯೇ ನಿದ್ದೆ ಹೋದ.

ತಪ್ಪು ಎಲ್ಲಿ ಆಯಿತೆಂದು ಆಮೇಲೆ ಕುಳಿತು ಯೋಚಿಸಿದಾಗ ಮೊದಲು ಸಿಕ್ಕಿದ್ದು ನನ್ನ ಪಾಲಿನದೇ. ಹುಳಿ ಬಿದ್ದರೆ ಬೇಳೆ ಬೇಯದು ಎಂಬುದನ್ನು ನಮ್ಮ ಹಿರಿಯರು ಯಾವ ಪುಸ್ತಕವನ್ನೂ ಓದದೆ ಬಲ್ಲವರಾಗಿದ್ದರು. ಆಲೂಗಡ್ಡೆಗೂ ಇದೇ ನಿಯಮ. ಅದರ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಬಿಸಿಗೆ ಕರಗಿದಾಗ ಗಡ್ಡೆ ಮೆತ್ತಗಾಗುತ್ತದೆ. ಹುಳಿಯಿದ್ದಲ್ಲಿ ಅದು ಸುಲಭಕ್ಕೆ ಕರಗುವುದಿಲ್ಲ. ಕಾಚಂಪುಳಿಯೋ, ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಕಪ್ಪಾಗಿ ಮಂದವಾಗುವ ತನಕ ಕುದಿಸಿ ಇಳಿಸಿದ್ದು; ಅದರ ಹುಳಿಗೆ ಹುಣಸೆಯೂ ಸಾಟಿಯಲ್ಲ. ಪಂದಿಕರಿಗೆ ಅದನ್ನು ಮಾಂಸ ಬೆಂದ ಮೇಲೆ ಕೊನೆಯಲ್ಲಿ ಹಾಕುತ್ತೇವಲ್ಲ, ಆ ವಿವೇಕವನ್ನು ಪರದೇಶದ ಅಡುಗೆಯೊಂದು ಕೈಗೆ ಬಂದ ಕೂಡಲೇ ಮರೆತದ್ದು ನನ್ನ ತಪ್ಪು. ಟೊಮೆಟೊ ಹಾಕುವವರಿಗೂ ಇದೇ ಎಚ್ಚರ ಬೇಕು.

ಆದರೆ ಹುಳಿಯಿಲ್ಲದೆ ಮಾಡಿದರೂ ಹಸಿ ಆಲೂಗಡ್ಡೆಯ ಬಿಲ್ಲೆ ಅರ್ಧ ಗಂಟೆಯಲ್ಲಿ ಬೇಯುವುದಿಲ್ಲ. ಮುಂದಿನ ಭಾನುವಾರ ಪರೀಕ್ಷೆಗೆಂದೇ ಮತ್ತೊಮ್ಮೆ ಮಾಡಿ ನೋಡಿದೆ. ನಾಣ್ಯದಷ್ಟು ದಪ್ಪದ ಬಿಲ್ಲೆಗಳು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೆತ್ತಗಾಗಲು ಒಂದು ಗಂಟೆಯ ಮೇಲೆ ಹತ್ತು ನಿಮಿಷ ತೆಗೆದುಕೊಂಡವು. ಹಾಗಿದ್ದರೆ ಅರ್ಧ ಗಂಟೆ ಎಂಬ ಲೆಕ್ಕ ಎಲ್ಲಿಂದ ಬಂತು? ಈ ಅಡುಗೆಯ ಮೂಲವನ್ನು ಹುಡುಕಿ ಓದಿದಾಗ ನನಗೆ ತಿಳಿದದ್ದನ್ನು ಹೇಳುವುದೇ ಈ ಪತ್ರದ ಮುಖ್ಯ ಉದ್ದೇಶ.

ಕ್ಯಾಸರೋಲ್ ಎಂಬುದು ಮೊದಲಿಗೆ ಪಾತ್ರೆಯ ಹೆಸರು. ಅದರಲ್ಲಿ ಬೆಂದ ಅಡುಗೆಗೂ ಆ ಹೆಸರೇ ಅಂಟಿಕೊಂಡಿತು. ಕೊಚ್ಚಿದ ಮಾಂಸದ ಮೇಲೆ ಆಲೂಗಡ್ಡೆ ಹೊದಿಸಿ ಬೇಯಿಸುವುದು ಯುರೋಪಿನ ಹಳೆಯ ರೂಢಿ. ಇಂಗ್ಲೆಂಡಿನಲ್ಲಿ ಕುರಿ ಮಾಂಸದ್ದಾದರೆ ಶೆಫರ್ಡ್ಸ್ ಪೈ, ದನದ ಮಾಂಸದ್ದಾದರೆ ಕಾಟೇಜ್ ಪೈ. ಫ್ರಾನ್ಸಿನಲ್ಲಿ ಇಂಥದ್ದೇ ಅಡುಗೆಗೆ, ಆ ದೇಶದ ಜನರಿಗೆ ಆಲೂಗಡ್ಡೆ ತಿನ್ನಲು ಕಲಿಸಿದ ಪಾರ್ಮೆಂಟಿಯೆ ಎಂಬಾತನ ಹೆಸರು. ಇವೆಲ್ಲವೂ ಹಿಂದಿನ ದಿನ ಉಳಿದ ಮಾಂಸವನ್ನು ಸಾಗಹಾಕುವ ಗೃಹಕೃತ್ಯದಿಂದ ಬಂದವು, ಮತ್ತು ಇವುಗಳಲ್ಲಿ ಆಲೂಗಡ್ಡೆಯನ್ನು ಮೊದಲೇ ಬೇಯಿಸಿ ಹಿಸುಕಿರುತ್ತಾರೆ. ತಮ್ಮ ಪುರವಣಿಯಲ್ಲಿ ಬಂದದ್ದು ಅಮೆರಿಕದ ರೂಪ. ಅಲ್ಲಿನ ಕೆಲಸದ ದಿನದ ಕ್ಯಾಸರೋಲಿನ ಪ್ರಾಣ ಇರುವುದು ಡಬ್ಬಿಯಲ್ಲಿ. ಕ್ಯಾಂಪ್‌ಬೆಲ್ ಕಂಪನಿಯವರು 1934ರಲ್ಲಿ ಅಣಬೆಯ ಗಟ್ಟಿ ಸೂಪನ್ನು ಡಬ್ಬಿಯಲ್ಲಿ ತುಂಬಿ ಮಾರತೊಡಗಿದ ಮೇಲೆ ಗೊಜ್ಜು ಕಾಯಿಸುವ ಕೆಲಸವೇ ಆ ಅಡುಗೆಮನೆಗಳಿಂದ ಹೋಯಿತು. 1956ರಲ್ಲಿ ಓರೆ ಐಡಾ ಕಂಪನಿ ತುರಿದ ಆಲೂಗಡ್ಡೆಯನ್ನು ಪುಟ್ಟ ಪೀಪಾಯಿಗಳಂತೆ ಒತ್ತಿ, ಕರಿದು, ಶೈತ್ಯೀಕರಿಸಿ ಟೇಟರ್ ಟಾಟ್ಸ್ ಎಂಬ ಹೆಸರಿನಲ್ಲಿ ತಂದಿತು. ಮಿನ್ನೆಸೋಟ ರಾಜ್ಯದಲ್ಲಿ ಹಾಟ್‌ಡಿಷ್ ಎಂದು ಕರೆಯುವ ಅಡುಗೆ ಇವೆರಡರ ಬೆನ್ನೇರಿಯೇ ಮನೆಮಾತಾದದ್ದು. ಖೀಮಾ ಹುರಿಯುವುದು, ಡಬ್ಬಿ ತೆರೆದು ಸುರಿಯುವುದು, ಅರೆಬೆಂದ ಆಲೂಗಡ್ಡೆಯನ್ನು ಚೀಲದಿಂದ ಮೇಲೆ ಜೋಡಿಸಿ ಓವನ್ನಿಗೆ ಇಡುವುದು; ಅಡುಗೆ ಮಾಡುವವರ ಕೈಗೆ ಅಲ್ಲಿ ಉಳಿದಿರುವ ಕೆಲಸ ಇಷ್ಟೇ.

ಅಂದರೆ ಆ ಅರ್ಧ ಗಂಟೆ ಅಡುಗೆಯದ್ದಲ್ಲ, ಡಬ್ಬಿಯದ್ದು. ಮಿಕ್ಕ ಒಂದು ಗಂಟೆಯ ಕೆಲಸವನ್ನು ಯಾವುದೋ ಕಾರ್ಖಾನೆ ಮೊದಲೇ ಮಾಡಿಟ್ಟಿರುತ್ತದೆ. ತಮ್ಮ ಅಂಕಣದಲ್ಲಿ ಬರೆದವರು ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗದ ಸೂಪಿನ ಬದಲು ಮನೆಯಲ್ಲಿ ಕಾಯಿಸಿದ ಹಾಲಿನ ಗೊಜ್ಜನ್ನೂ, ಶೈತ್ಯೀಕರಿಸಿದ ಆಲೂಗಡ್ಡೆಯ ಬದಲು ಹಸಿ ಆಲೂಗಡ್ಡೆಯನ್ನೂ ಸೂಚಿಸಿದ್ದು ಮೆಚ್ಚತಕ್ಕದ್ದೇ. ಆದರೆ ಪದಾರ್ಥಗಳನ್ನು ಬದಲಿಸಿ ಹೊತ್ತನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಉಪ್ಪಿನ ವಿಷಯದಲ್ಲಿಯೂ ಇದೇ ಆಗಿದೆ. ಡಬ್ಬಿಯ ಸೂಪಿನಲ್ಲಿ ಉಪ್ಪು ಧಾರಾಳವಾಗಿ ಇರುವುದರಿಂದ ಮೂಲದಲ್ಲಿ ಬೇರೆ ಉಪ್ಪು ಹೆಚ್ಚು ಬೇಕಾಗದು. ಒಂದು ಕಿಲೋ ಆಲೂಗಡ್ಡೆಗೂ ಅರ್ಧ ಕಿಲೋ ಖೀಮಾಕ್ಕೂ ಸೇರಿ ಅರ್ಧ ಚಮಚ ಉಪ್ಪು ಎಂದು ತಮ್ಮ ಪುರವಣಿಯಲ್ಲಿ ಅಚ್ಚಾದದ್ದನ್ನು ಕಂಡಾಗ ಅದು ಮುದ್ರಣದೋಷವೆಂದೇ ತಿಳಿದಿದ್ದೆ.

ಮೂಲದ ಅಡುಗೆ ದನದ ಮಾಂಸದ್ದು. ನಮ್ಮ ರಾಜ್ಯದಲ್ಲಿ 2020ರ ಕಾಯ್ದೆಯ ಪ್ರಕಾರ 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಜಾನುವಾರು ವಧೆ ನಿಷಿದ್ಧವಾಗಿರುವುದರಿಂದಲೂ, ಕೊಡಗಿನ ಬಹಳಷ್ಟು ಮನೆಗಳ ರೂಢಿಯಲ್ಲಿ ಅದು ಇಲ್ಲದಿರುವುದರಿಂದಲೂ ತಮ್ಮ ಬರಹದಲ್ಲಿ ಬರೀ ಖೀಮಾ ಎಂದು ಬರೆದದ್ದು ಸರಿಯೇ. ಆದರೆ ಯಾವ ಖೀಮಾ ಎಂದು ಹೇಳದೆ ಹೋದರೆ ಮಾಡುವವರಿಗೆ ತೊಡಕಾಗುತ್ತದೆ, ಏಕೆಂದರೆ ಒಂದೊಂದರ ಸ್ವಭಾವ ಒಂದೊಂದು. ಕುರಿಯದು ರುಚಿಯಲ್ಲಿ ಮೂಲಕ್ಕೆ ಹತ್ತಿರ, ಆದರೆ ಬೇಯಲು ಹೊತ್ತು ಬೇಕು. ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿಕೊಳ್ಳುವುದು ಮೇಲು. ಕೋಳಿಯದು ಬೇಗ ಬೇಯುತ್ತದೆ, ಬೇಗ ಒಣಗುತ್ತದೆ, ಸಪ್ಪೆಯಾಗುತ್ತದೆ. ನನ್ನ ಆಯ್ಕೆ ಹಂದಿಯದ್ದೇ. ನಮ್ಮ ಪೇಟೆಯ ಅಂಗಡಿಯಲ್ಲಿ ಹಂದಿ ಮಾಂಸವನ್ನು ಚರ್ಮ, ಕೊಬ್ಬು ಸಹಿತ ತುಂಡು ಮಾಡಿಕೊಡುವುದೇ ವಾಡಿಕೆಯಾದ್ದರಿಂದ, ಕೊಬ್ಬು ಕಡಿಮೆಯಿರುವ ತೊಡೆಯ ಭಾಗವನ್ನು ಕೇಳಿ ತಂದು ಮನೆಯಲ್ಲಿಯೇ ಕತ್ತಿಯಿಂದ ಕೊಚ್ಚಿಕೊಳ್ಳುತ್ತೇನೆ. ಕೊಚ್ಚುವುದಕ್ಕೆ ಕಾಲು ಗಂಟೆ ಬೇಕು. ಅದನ್ನು ಹಿಂದಿನ ರಾತ್ರಿಯೇ ಮುಗಿಸಿಕೊಳ್ಳಬೇಕು.

ಈಗ ನಾನು ಮಾಡುವ ಕ್ರಮವನ್ನು ಬರೆಯುತ್ತೇನೆ. ಐದು ಜನರಿಗೆ ಅರ್ಧ ಕಿಲೋ ಖೀಮಾ, ಮುಕ್ಕಾಲು ಕಿಲೋ ಆಲೂಗಡ್ಡೆ, ಎರಡು ದೊಡ್ಡ ಈರುಳ್ಳಿ, ಆರೆಂಟು ಎಸಳು ಬೆಳ್ಳುಳ್ಳಿ, ಬೆರಳುದ್ದದ ಶುಂಠಿ. ಮೊದಲ ಕೆಲಸವಾಗಿ ಒಂದು ಒಲೆಯಲ್ಲಿ ಆಲೂಗಡ್ಡೆಗೆ ಉಪ್ಪು ನೀರು ಕುದಿಯಲು ಇಟ್ಟು, ಇನ್ನೊಂದರಲ್ಲಿ ಅಗಲವಾದ ಬಾಣಲೆಯನ್ನು ಚೆನ್ನಾಗಿ ಕಾಯಿಸಬೇಕು. ಖೀಮಾವನ್ನು ಹರಡಿ ಹಾಕಿ ಎರಡು ಮೂರು ನಿಮಿಷ ಕೈಯಾಡಿಸದೆ ಬಿಟ್ಟರೆ ಮಾತ್ರ ಅದು ಕೆಂಪಗೆ ಹುರಿಯುತ್ತದೆ. ಹಾಕಿದ ಕೂಡಲೇ ಕಲಕತೊಡಗಿದರೆ ನೀರು ಬಿಟ್ಟುಕೊಂಡು ತನ್ನ ನೀರಿನಲ್ಲಿ ತಾನೇ ಬೆಂದು ಬಿಳಚಿಕೊಳ್ಳುತ್ತದೆ, ಆ ಬಿಳಚಿದ ರುಚಿಯನ್ನು ಯಾವ ಮಸಾಲೆಯೂ ಮುಚ್ಚಲಾರದು. ಹುರಿದದ್ದನ್ನು ಬದಿಗೆ ಸರಿಸಿ, ಹೆಚ್ಚಿಗೆ ಕೊಬ್ಬು ಕಂಡರೆ ಒಂದೆರಡು ಚಮಚ ಉಳಿಸಿ ಮಿಕ್ಕದ್ದನ್ನು ಬಗ್ಗಿಸಿಕೊಂಡು, ಅದೇ ಬಾಣಲೆಯಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿಸುತ್ತೇನೆ. ಮಸಾಲೆ ನಮ್ಮದೇ: ಪಂದಿಕರಿಗೆ ಮಾಡಿಟ್ಟ ಕಪ್ಪಾಗಿ ಹುರಿದ ಪುಡಿ ಎರಡು ಚಮಚ, ಮೇಲೆ ತೋಟದ ಕಾಳುಮೆಣಸನ್ನು ಕುಟ್ಟಿ ಒಂದು ಚಮಚ. ಇಂಥ ಅಡುಗೆಗೆ ಗರಂ ಮಸಾಲೆ ಹಾಕಿದರೆ ಬಿರಿಯಾನಿಯ ವಾಸನೆ ಬಂದು ಹಾಲಿನ ಗೊಜ್ಜಿಗೆ ಒಗ್ಗುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಒಂದು ಲೋಟ ನೀರು ಸೇರಿಸಿ ಖೀಮಾ ಪೂರ್ತಿ ಬೆಂದು ನೀರು ಆರುವ ತನಕ ಬಿಟ್ಟು, ಒಲೆ ಆರಿಸಿದ ಮೇಲೆ ಒಂದೇ ಒಂದು ಸಣ್ಣ ಚಮಚ ಕಾಚಂಪುಳಿ.

ಆಲೂಗಡ್ಡೆಯನ್ನು ಬಿಲ್ಲೆಗಳಾಗಿ ಹೆಚ್ಚಿ ಕುದಿಯುವ ನೀರಿನಲ್ಲಿ ಆರು ನಿಮಿಷ ಬೇಯಿಸಿ ಬಸಿದುಕೊಂಡರೆ ಇಡೀ ಅಡುಗೆಯ ಕಷ್ಟ ಅಲ್ಲಿಗೆ ತೀರಿತು. ಚಾಕು ಹಾಕಿದರೆ ಇಳಿಯಬೇಕು, ಬಿಲ್ಲೆ ಮುರಿಯಬಾರದು. ಹಾಸನದ ಕಡೆಯಿಂದ ನಮ್ಮ ಸಂತೆಗೆ ಬರುವ ಹೊಸ ಆಲೂಗಡ್ಡೆ ಬಿಲ್ಲೆಗೆ ಒಳ್ಳೆಯದು, ಬೆಂದರೂ ಆಕಾರ ಬಿಡುವುದಿಲ್ಲ. ಹಳೆಯದು, ಸಿಪ್ಪೆ ದಪ್ಪವಾದದ್ದು ಸಿಕ್ಕಿದ ದಿನ ಪೂರ್ತಿ ಬೇಯಿಸಿ, ಬೆಣ್ಣೆ ಹಾಲು ಹಾಕಿ ಹಿಸುಕಿ ಮೇಲೆ ಹೊದಿಸುತ್ತೇನೆ. ಅತ್ತೆಯವರ ಹಲ್ಲಿಗೆ ಇದೇ ಹಿತ. ಮಳೆಗಾಲದ ತೇವಕ್ಕೆ ಆಲೂಗಡ್ಡೆ ಬೇಗ ಮೊಳೆಯುವುದರಿಂದ ಜೂನ್, ಜುಲೈ ತಿಂಗಳುಗಳಲ್ಲಿ ವಾರಕ್ಕೆ ಬೇಕಾದಷ್ಟೇ ತರುವುದು ಲೇಸು. ಹಾಲಿನ ಗೊಜ್ಜಿಗೆ ಮೈದಾ ಬೇಕೇಬೇಕೆಂದಿಲ್ಲ: ಎರಡು ಚಮಚ ಅಕ್ಕಿಹಿಟ್ಟನ್ನು ತಣ್ಣನೆಯ ಹಾಲಿನಲ್ಲಿ ಕದಡಿ, ಒಟ್ಟು 300 ಮಿಲಿ ಲೀಟರ್ ಹಾಲನ್ನು ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿದರೆ ಐದು ನಿಮಿಷದಲ್ಲಿ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಮಳೆ ಬಿದ್ದು ಅಣಬೆ ಸಿಗುವ ದಿನಗಳಲ್ಲಿ ಒಂದು ಹಿಡಿಯನ್ನು ಬೆಣ್ಣೆಯಲ್ಲಿ ಬಾಡಿಸಿ ಇದಕ್ಕೆ ಹಾಕಿದರೆ ಡಬ್ಬಿಯ ಸೂಪನ್ನು ಯಾರೂ ನೆನೆಸಿಕೊಳ್ಳಲಾರರು. ಕೆಳಗೆ ಖೀಮಾ, ಮೇಲೆ ಆಲೂಗಡ್ಡೆ, ಅದರ ಮೇಲೆ ಗೊಜ್ಜು, ಎರಡು ಮೂರು ಕ್ಯೂಬ್ ಚೀಸ್ ತುರಿದು ಉದುರಿಸಿ 200 ಡಿಗ್ರಿಯಲ್ಲಿ 25 ನಿಮಿಷ. ಹೊರತೆಗೆದ ಮೇಲೆ ಹತ್ತು ನಿಮಿಷ ಸುಮ್ಮನೆ ಇಡಬೇಕು. ಇಲ್ಲವಾದರೆ ಬಡಿಸುವಾಗ ಪದರಗಳೆಲ್ಲ ಕಲಸಿಕೊಂಡು ಗಂಜಿಯಾಗುತ್ತದೆ.

ಇದಿಷ್ಟಕ್ಕೂ ಗಡಿಯಾರ ಹಿಡಿದು ನೋಡಿದ್ದೇನೆ. ಸಿಪ್ಪೆ ಸುಲಿಯುವುದರಿಂದ ಬಡಿಸುವ ತನಕ ಒಂದು ಗಂಟೆ ಹದಿನೈದು ನಿಮಿಷ. ಅದರಲ್ಲಿ ನನ್ನ ಕೈಗೆ ಕೆಲಸವಿರುವುದು ನಲವತ್ತು ನಿಮಿಷ ಮಾತ್ರ; ಉಳಿದ ಹೊತ್ತಿನಲ್ಲಿ ಮಗನ ಮಗ್ಗಿ ಒಪ್ಪಿಸಿಕೊಳ್ಳಬಹುದು, ಸ್ನಾನ ಮುಗಿಸಬಹುದು. ಹಿಂದಿನ ರಾತ್ರಿಯೇ ಖೀಮಾವನ್ನು ಬೇಯಿಸಿ ಇಟ್ಟುಕೊಂಡರೆ ಕೈಕೆಲಸ ಇಪ್ಪತ್ತೈದು ನಿಮಿಷಕ್ಕೆ ಇಳಿಯುತ್ತದೆ, ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಖೀಮಾಕ್ಕೆ ಓವನ್ನಿನಲ್ಲಿ ಹತ್ತು ನಿಮಿಷ ಹೆಚ್ಚು ಬೇಕಾಗುತ್ತದೆ. ಹೀಗೆ ಬಿಡಿಸಿ ಬರೆದರೆ ಯಾವ ಓದುಗನೂ ಹೆದರಿ ಹಿಂಜರಿಯುವುದಿಲ್ಲ. ತನ್ನ ಸಂಜೆಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾನೆ.

ಖೀಮಾವನ್ನು ಹಿಂದಿನ ದಿನ ಮಾಡಿಡುವವರಿಗೆ ಒಂದು ಎಚ್ಚರಿಕೆಯನ್ನು ತಮ್ಮ ಬರಹ ಹೇಳಬೇಕಿತ್ತು. ಇಡೀ ತುಂಡಿನ ಮಾಂಸದಲ್ಲಿ ರೋಗಾಣುಗಳು ಬಹುತೇಕ ಹೊರಮೈಯಲ್ಲಿಯೇ ಇರುತ್ತವೆ. ಕೊಚ್ಚಿದಾಗ ಹೊರಮೈ ಎಂಬುದೇ ಇಲ್ಲವಾಗಿ ಅವು ಎಲ್ಲೆಡೆ ಬೆರೆತುಹೋಗುತ್ತವೆ. ಅಮೆರಿಕದ ಕೃಷಿ ಇಲಾಖೆ ದನ, ಹಂದಿ, ಕುರಿಯ ಖೀಮಾದ ಒಳಭಾಗ 71 ಡಿಗ್ರಿ ಸೆಲ್ಸಿಯಸ್, ಕೋಳಿಯದಾದರೆ 74 ಡಿಗ್ರಿ ಮುಟ್ಟಬೇಕೆಂದು ಹೇಳುವುದು ಈ ಕಾರಣಕ್ಕೆ. ಹಸಿ ಖೀಮಾವನ್ನು ಫ್ರಿಜ್ಜಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬಾರದು, ಬೇಯಿಸಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಕೊಡಗಿನ ಚಳಿಯಲ್ಲಿ ಹೊರಗಿಟ್ಟರೂ ಏನಾಗದು ಎಂಬ ಧೈರ್ಯ ಹಂದಿ ಮಾಂಸದ ಮಟ್ಟಿಗಂತೂ ಬೇಡ.

ಇನ್ನು ಓವನ್. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ನಮ್ಮ ಊರುಗಳಲ್ಲಿ ವಿದ್ಯುತ್ ಒಮ್ಮೊಮ್ಮೆ ಎರಡು ಮೂರು ದಿನ ಬರುವುದಿಲ್ಲ. ಮನೆಯ ಇನ್ವರ್ಟರ್ ದೀಪ ಉರಿಸೀತೇ ಹೊರತು ಸಾವಿರದೈನೂರು ವಾಟ್ ಎಳೆಯುವ ಓವನ್ನನ್ನು ಓಡಿಸಲಾರದು. ಬಹಳಷ್ಟು ಮನೆಗಳಲ್ಲಿ ಓವನ್ ಎಂಬುದೇ ಇಲ್ಲ. ಆದರೆ ಖೀಮಾ, ಆಲೂಗಡ್ಡೆ ಎರಡೂ ಮೊದಲೇ ಬೆಂದಿರುವುದರಿಂದ ಓವನ್ನಿಗೆ ಉಳಿಯುವ ಕೆಲಸ ಬಿಸಿಯಾಗಿಸಿ ಮೇಲ್ಮೈಯನ್ನು ಕೆಂಪಾಗಿಸುವುದು ಮಾತ್ರ. ದಪ್ಪ ತಳದ ಪಾತ್ರೆಯಲ್ಲಿ ಜೋಡಿಸಿ, ಕಾದ ಕಾವಲಿಯ ಮೇಲೆ ಇಟ್ಟು, ಸಣ್ಣ ಉರಿಯಲ್ಲಿ ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟರೆ ರುಚಿಗೆ ಏನೂ ಕೊರತೆಯಾಗದು. ನಮ್ಮಲ್ಲಿ ಸೌದೆ ಒಲೆ ಇನ್ನೂ ಇದೆ. ಕಳೆದ ವಾರ ಸತತ ಮಳೆಯಲ್ಲಿ ಕರೆಂಟು ಹೋಗಿದ್ದಾಗ, ಪಾತ್ರೆಗೆ ಕಬ್ಬಿಣದ ತಟ್ಟೆ ಮುಚ್ಚಿ ಅದರ ಮೇಲೆ ಒಲೆಯ ಕೆಂಡ ಹರಡಿದೆ. ಕಾಲು ಗಂಟೆಯಲ್ಲಿ ಚೀಸ್ ಕರಗಿ ಅಲ್ಲಲ್ಲಿ ಕೆಂಪು ಚುಕ್ಕೆ ಬಂದಿತ್ತು, ಜೊತೆಗೆ ಓವನ್ನಿನಲ್ಲಿ ಎಂದೂ ಬಾರದ ಒಂದು ಹೊಗೆಯ ವಾಸನೆ. ಇಂಥದ್ದನ್ನು ಅನ್ನದೊಡನೆ ಬಡಿಸುವುದು ವ್ಯರ್ಥ. ಒಂದು ಸೌತೆಕಾಯಿ ಹೆಚ್ಚಿಕೊಂಡರೆ ಸಾಕು. ಉಳಿದದ್ದನ್ನು ಮರುದಿನ ಬೆಳಗ್ಗೆ ಅಕ್ಕಿರೊಟ್ಟಿಯ ಜೊತೆ, ಚೆನ್ನಾಗಿ ಕುದಿ ಬರುವ ತನಕ ಬಿಸಿ ಮಾಡಿ ತಿನ್ನುವುದಕ್ಕಾಗಿ, ನನ್ನ ಹೆಂಡತಿ ರಾತ್ರಿಯೇ ಒಂದು ಪಾಲನ್ನು ಎತ್ತಿಡುತ್ತಾಳೆ.

ತಮ್ಮ ಪುರವಣಿ ಈ ವಿಧಾನವನ್ನು ಮತ್ತೊಮ್ಮೆ ಅಚ್ಚು ಹಾಕುವುದಾದರೆ ಹೆಚ್ಚಿನ ತಿದ್ದುಪಡಿಯೇನೂ ಬೇಕಿಲ್ಲ. ಆಲೂಗಡ್ಡೆ ಒಂದು ಕಿಲೋ ಎಂದು ಇರುವಲ್ಲಿ ಅದರ ಹಿಂದೆ 'ಅರೆಬೆಂದ' ಎಂಬ ಪದವೊಂದನ್ನು ಸೇರಿಸಿ, ಉಪ್ಪು ಒಂದೂವರೆ ಚಮಚ ಎಂದು ಮಾಡಿ, ಅರ್ಧ ಗಂಟೆ ಎಂಬುದನ್ನು ಒಂದೂಕಾಲು ಗಂಟೆ ಎಂದು ತಿದ್ದಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಾಪೋಕ್ಲು ಕಡೆಯ ಒಬ್ಬ ಓದುಗ, ಕೊಡಗು ಜಿಲ್ಲೆ